ಬೇಸಿಗೆ ರಜೆಯಲ್ಲಿ ಪುಸ್ತಕ ಪ್ರಕಾಶನದ ಕೆಲಸ ಕಲಿಯುವುದು ಹೇಗೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳಿಗೆ

ಪುಸ್ತಕದ ಕೆಲಸ ಕಲಿಯಬೇಕು ಅಂದರೆ ಬೆಂಗಳೂರಿಗೇ ಹೋಗಬೇಕು ಅಂತ ನಮ್ಮ ಕಡೆಯ ಬಹಳ ವಿದ್ಯಾರ್ಥಿಗಳು ನಂಬಿದ್ದಾರೆ. ಬೆಳಗಾವಿಯಲ್ಲೇ ಈ ಕೆಲಸ ಮಾಡಿಕೊಂಡಿರುವ ನಾನು ಇದನ್ನು ಒಪ್ಪುವುದಿಲ್ಲ. ದೊಡ್ಡ ಸಂಸ್ಥೆಗೆ ಇಂಟರ್ನ್ ಆಗಿ ಹೋದವರನ್ನು ಒಂದು ವಿಭಾಗದಲ್ಲಿ ಕೂರಿಸುತ್ತಾರೆ. ರಜೆ ಮುಗಿಯುವ ತನಕ ಅವರು ಅದೊಂದನ್ನೇ ನೋಡುತ್ತಾರೆ. ನಮ್ಮಲ್ಲಿ ಇರುವುದು ಇಬ್ಬರು ಮೂವರ ಆಫೀಸುಗಳು. ಹಸ್ತಪ್ರತಿ ಬಂದ ದಿನದಿಂದ ಪುಸ್ತಕದ ಕಟ್ಟು ಬಸ್ಸು ಹತ್ತುವ ತನಕ ಎಲ್ಲವೂ ಒಂದೇ ಕೋಣೆಯಲ್ಲಿ, ಕಣ್ಣೆದುರಿಗೇ ನಡೆಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಆದರೆ ಸುಮ್ನೆ ಹೋಗಿ ಕೂತರೆ ಕಲಿಯಲು ಆಗುವುದಿಲ್ಲ. ಚಹಾ ತರುವುದು, ಕಟ್ಟು ಕಟ್ಟುವುದು, ಜೆರಾಕ್ಸ್ ಮಾಡಿಸುವುದು, ಇಷ್ಟರಲ್ಲೇ ಎಂಟು ವಾರ ಕಳೆದುಹೋಗಬಹುದು. ಹಾಗಾಗದಂತೆ ನೋಡಿಕೊಳ್ಳಲು ನಾನು ಹೇಳುವ ದಾರಿ ಒಂದೇ. ಒಂದು ಪುಸ್ತಕವನ್ನು ಹಿಡಿದುಕೊಳ್ಳಿ. ಅದು ಸಣ್ಣದಿರಲಿ, ದೊಡ್ಡದಿರಲಿ, ಕವನ ಸಂಕಲನವಿರಲಿ, ಯಾರದೋ ಅಭಿನಂದನ ಗ್ರಂಥವಿರಲಿ, ಮೊದಲಿನಿಂದ ಕೊನೆತನಕ ಅದರ ಜೊತೆಗೇ ಇರಿ. ಉಳಿದ ಕೆಲಸ ಎಷ್ಟೇ ಬರಲಿ, ಆ ಪುಸ್ತಕ ಮಾತ್ರ ನಿಮ್ಮ ಕೈಬಿಟ್ಟು ಹೋಗಬಾರದು. ಕೆಳಗಿನ ಎಲ್ಲ ಹಂತಗಳನ್ನೂ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

1. ಎಲ್ಲಿ ಕೇಳಬೇಕು

ಪ್ರಕಾಶನ ಅಂತ ಬೋರ್ಡು ಹುಡುಕುತ್ತಾ ಹೊರಟರೆ ನಮ್ಮ ಊರುಗಳಲ್ಲಿ ಜಾಸ್ತಿ ಸಿಗುವುದಿಲ್ಲ. ಎಷ್ಟೋ ಪ್ರಕಾಶನಗಳು ನಿವೃತ್ತ ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ನಡೆಯುತ್ತವೆ. ಹುಡುಕಲು ಸುಲಭದ ದಾರಿ ಗ್ರಂಥಾಲಯ. ನಿಮ್ಮ ಕಾಲೇಜಿನ ಅಥವಾ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ನಮ್ಮ ಭಾಗದ ಲೇಖಕರ ಇತ್ತೀಚಿನ ಪುಸ್ತಕಗಳನ್ನು ತೆಗೆಯಿರಿ. ಶೀರ್ಷಿಕೆ ಪುಟದ ಹಿಂದಿನ ಪುಟ ನೋಡಿ. ಪ್ರಕಾಶಕರು ಯಾರು, ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ) ಎಲ್ಲಿ ಆಯಿತು, ಅಚ್ಚು ಎಲ್ಲಿ ಆಯಿತು, ಎಷ್ಟು ಪ್ರತಿ, ಯಾವ ಕಾಗದ, ಎಲ್ಲ ಅಲ್ಲೇ ಇರುತ್ತದೆ. ಇಪ್ಪತ್ತು ಮೂವತ್ತು ಪುಸ್ತಕ ನೋಡಿದರೆ ಅವೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅದೇ ನಿಮ್ಮ ಪಟ್ಟಿ.

ಖಾಸಗಿ ಪ್ರಕಾಶಕರು ಮಾತ್ರ ಸಾಲದು. ನಮ್ಮ ಭಾಗದಲ್ಲಿ ಪುಸ್ತಕ ತರುವವರಲ್ಲಿ ಮಠಗಳು, ವಿಶ್ವವಿದ್ಯಾಲಯಗಳು, ಶಿಕ್ಷಣ ಸಂಸ್ಥೆಗಳೂ ಇವೆ. ಬೆಳಗಾವಿಯ ನಾಗನೂರು ರುದ್ರಾಕ್ಷಿ ಮಠ, ವಿಜಯಪುರದ ಜ್ಞಾನಯೋಗಾಶ್ರಮ, ಅಲ್ಲೇ ಬಿಎಲ್‌ಡಿಇ ಸಂಸ್ಥೆಯ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಇವೆಲ್ಲ ಪುಸ್ತಕ ಪ್ರಕಟಿಸುತ್ತಾ ಬಂದಿವೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಗಳಲ್ಲಿ ಪ್ರಸಾರಾಂಗದ, ಅಂದರೆ ಪುಸ್ತಕ ಪ್ರಕಟಿಸುವ ವಿಭಾಗದ ಕೆಲಸ ಯಾರು ನೋಡಿಕೊಳ್ಳುತ್ತಾರೆ ಅಂತ ನಿಮ್ಮ ಕನ್ನಡ ವಿಭಾಗದ ಮೇಷ್ಟ್ರನ್ನು ಕೇಳಿ. ವಿಜ್ಞಾನ ಓದುತ್ತಿರುವ ಬಾಗಲಕೋಟೆಯವರು ತೋಟಗಾರಿಕೆ ವಿಶ್ವವಿದ್ಯಾಲಯವನ್ನು ಮರೆಯಬೇಡಿ. ರೈತರಿಗೆ ಅರ್ಥವಾಗುವ ಕನ್ನಡದಲ್ಲಿ ದಾಳಿಂಬೆ, ದ್ರಾಕ್ಷಿಯ ಬಗ್ಗೆ ಒಂದು ಕೈಪಿಡಿ ತಿದ್ದುವುದು ಕಥೆ ಪುಸ್ತಕ ತಿದ್ದುವುದಕ್ಕಿಂತ ಕಷ್ಟದ ಕೆಲಸ. ಔಷಧಿಯ ಪ್ರಮಾಣದಲ್ಲಿ ಒಂದು ಚುಕ್ಕಿ ಜಾಗ ಬದಲಿಸಿದರೂ ಬೆಳೆ ಹಾಳಾಗುತ್ತದೆ.

ಈ ನೆಲಕ್ಕೆ ಅಚ್ಚಿನ ಕೆಲಸ ಹೊಸದಲ್ಲ ಅನ್ನುವುದನ್ನೂ ತಿಳಿದುಕೊಂಡು ಹೋಗಿ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಡೋಲೆ, ಹಸ್ತಪ್ರತಿಗಳಿಂದ ಒಟ್ಟುಮಾಡಿದ ವಚನಗಳ ಮೊದಲ ಸಂಪುಟ 1923ರಲ್ಲಿ ಅಚ್ಚಾದದ್ದು ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ. ಬೇರೆಯವರ ಪ್ರೆಸ್ಸು ನಂಬಿಕೊಂಡರೆ ಕೆಲಸ ಸಾಗುವುದಿಲ್ಲ ಅಂತ 1925ರಲ್ಲಿ ಅವರು ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರುಮಾಡಿದರು. ಸಂಗ್ರಹ, ಸಂಪಾದನೆ, ಅಚ್ಚು, ಹಂಚಿಕೆ ಎಲ್ಲವನ್ನೂ ಒಬ್ಬರೇ ಹೊತ್ತುಕೊಂಡ ಊರಿನಲ್ಲಿ ಈ ಕೆಲಸ ಕಲಿಯುತ್ತಿದ್ದೇವೆ ಅನ್ನುವುದು ನನಗೆ ಇಂದಿಗೂ ಧೈರ್ಯ ಕೊಡುವ ವಿಷಯ.

2. ಕೇಳುವ ಮುಂಚೆ ಏನು ತಯಾರಿ ಬೇಕು

ಫೆಬ್ರವರಿ, ಮಾರ್ಚ್‌ನಲ್ಲೇ ಕೇಳಿ. ಏಪ್ರಿಲ್, ಮೇ ಲಗ್ನದ ಸೀಸನ್. ಊರಿನ ಪ್ರೆಸ್ಸುಗಳು ಲಗ್ನಪತ್ರಿಕೆಯಲ್ಲಿ ಮುಳುಗಿರುತ್ತವೆ. ಅದರ ಬೆನ್ನಿಗೇ ಶಾಲೆಗಳ ರಶೀದಿ ಪುಸ್ತಕ, ಪ್ರವೇಶ ಅರ್ಜಿ, ನೋಟ್‌ಬುಕ್ ಕೆಲಸ ಬರುತ್ತದೆ. ಆಗ ಹೋಗಿ ನಿಂತರೆ ಮಾತಾಡಲು ಯಾರಿಗೂ ಪುರಸೊತ್ತು ಇರುವುದಿಲ್ಲ.

ಮೊದಲು ಫೋನ್ ಮಾಡಿ, ಆಮೇಲೆ ಖುದ್ದಾಗಿ ಹೋಗಿ. ನಮ್ಮ ಕಡೆ ಇಮೇಲ್ ಕಳಿಸಿ ಕಾಯುತ್ತಾ ಕೂತರೆ ಕೆಲಸ ಆಗುವುದಿಲ್ಲ. ಹೋಗುವಾಗ ಒಂದು ಪುಟದ ಪರಿಚಯ ಪತ್ರದ ಜೊತೆ ನಿಮ್ಮ ಕೆಲಸದ ಒಂದು ಮಾದರಿ ಇಟ್ಟುಕೊಳ್ಳಿ. ಯಾವುದಾದರೂ ಕರಪತ್ರ ಅಥವಾ ಹಳೆಯ ಸ್ಮರಣ ಸಂಚಿಕೆಯ ಎರಡು ಪುಟ ತೆಗೆದುಕೊಂಡು, ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ಗುರುತಿಸಿ, ಅದನ್ನೇ ತೋರಿಸಿ. ನಾನಾದರೆ ಅಂಕಪಟ್ಟಿಗಿಂತ ಮೊದಲು ಆ ಎರಡು ಪುಟ ನೋಡುತ್ತೇನೆ.

ಕನ್ನಡ ಟೈಪಿಂಗ್ ಬರಲೇಬೇಕು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಅಭ್ಯಾಸ ಇಲ್ಲಿ ಸಾಕಾಗುವುದಿಲ್ಲ. ಡಿಟಿಪಿ ಮಾಡುವವರು ಬಳಸುವ ‘ನುಡಿ’ ತಂತ್ರಾಂಶದ ಕೀಲಿಮಣೆ ಕಲಿಯಿರಿ. ದಿನಕ್ಕೆ ಒಂದು ಗಂಟೆ ಕೂತರೆ ಕೆಲವೇ ವಾರಗಳಲ್ಲಿ ಕೈ ಕೂರುತ್ತದೆ.

3. ಮೊದಲ ದಿನವೇ ಮಾತಾಡಿಕೊಳ್ಳಬೇಕಾದದ್ದು

ಇಲ್ಲಿ ನಾಚಿಕೆ ಬೇಡ. ದೊಡ್ಡವರನ್ನು ದುಡ್ಡಿನ ಮಾತು ಹೇಗೆ ಕೇಳುವುದು ಅಂತ ಹಿಂಜರಿದು, ಕೊನೆಗೆ ಮನಸ್ಸು ಮುರಿದುಕೊಂಡು ಹೋದ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಗೌರವದಿಂದಲೇ ಕೇಳಬಹುದು. “ಸರ್, ನಾ ಎಂಟು ವಾರ ಬರತೀನ್ರಿ. ಊಟ, ಬಸ್ಸಿನ ಖರ್ಚಿಗೆ ಏನಾದ್ರೂ ಕೊಡಾಕ ಆಗತೈತೇನ್ರಿ?” ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಣ್ಣ ಪ್ರಕಾಶಕರಿಗೆ ಸಂಬಳ ಕೊಡುವ ಶಕ್ತಿ ಇಲ್ಲದಿರಬಹುದು. ಅದು ನಿಜ. ಆದರೆ ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಕೊಡಲು ಆಗದಷ್ಟು ಕಷ್ಟ ಅಪರೂಪ. ಗೋಕಾಕ, ಬೈಲಹೊಂಗಲ, ಇಂಡಿ, ಜಮಖಂಡಿಯಿಂದ ದಿನಾ ಓಡಾಡುವವರಿಗೆ ಇದು ಸಣ್ಣ ಮಾತಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಶಕ್ತಿ ಯೋಜನೆ ಇದೆ. ಅದರಿಂದ ಹಳ್ಳಿಯ ಎಷ್ಟೋ ಹುಡುಗಿಯರಿಗೆ ಇಂಥ ಕೆಲಸಕ್ಕೆ ಬರುವ ದಾರಿ ತೆರೆದಿದೆ. ಹುಡುಗರು ತಮ್ಮ ವಿದ್ಯಾರ್ಥಿ ಪಾಸು ರಜೆಯಲ್ಲಿ ನಡೆಯುತ್ತದೋ ಇಲ್ಲವೋ ಡಿಪೋದಲ್ಲಿ ವಿಚಾರಿಸಿಕೊಳ್ಳಿ.

ಇನ್ನು ನಾಲ್ಕು ವಿಷಯ ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಒಪ್ಪಿಕೊಳ್ಳಿ. ಎಂದಿನಿಂದ ಎಂದಿನವರೆಗೆ, ದಿನಕ್ಕೆ ಎಷ್ಟು ಹೊತ್ತು, ಕೆಲಸ ಹೇಳಿಕೊಡುವವರು ಯಾರು, ಕೊನೆಗೆ ಪ್ರಮಾಣಪತ್ರದಲ್ಲಿ ಏನು ಬರೆದುಕೊಡುತ್ತಾರೆ. ನಿಮ್ಮ ಪದವಿಗೆ ಇಂಟರ್ನ್‌ಶಿಪ್ ಅಂಕ ಇದ್ದರೆ ಕಾಲೇಜಿನ ನಮೂನೆಯನ್ನು ಅವತ್ತೇ ಕೊಟ್ಟುಬಿಡಿ. ಹಾಜರಿ ಸಹಿಯನ್ನು ಕೊನೆಯ ದಿನ ಒಟ್ಟಿಗೆ ಹಾಕಿಸಲು ಹೋದರೆ ಎಲ್ಲರಿಗೂ ಇರಿಸುಮುರಿಸು.

ಐದನೆಯದು ಎಲ್ಲಕ್ಕಿಂತ ಮುಖ್ಯ. “ಈ ಎರಡು ತಿಂಗಳಿನಾಗ ಯಾವ ಪುಸ್ತಕ ಹೊರಗ ಬರತೈತ್ರಿ? ಅದರ ಕೆಲಸ ಪೂರಾ ನನಗ ತೋರಸ್ರಿ” ಅಂತ ಕೇಳಿ. ಅರ್ಧ ಆಗಿರುವ ಪುಸ್ತಕವಾದರೂ ಪರವಾಗಿಲ್ಲ. ಮುಂದಿನ ವರ್ಷ ಬರುವ ಮಹಾಗ್ರಂಥಕ್ಕಿಂತ ಜೂನ್‌ನಲ್ಲಿ ಬರುವ 96 ಪುಟದ ಕವನ ಸಂಕಲನ ನಿಮಗೆ ಹೆಚ್ಚು ಕಲಿಸುತ್ತದೆ.

4. ಪ್ರೂಫ್ ನೋಡುವುದು

ಸಮಯದ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಹೋಗುತ್ತದೆ. ಹೋಗಲಿ. ಈ ಕೆಲಸ ಬಂದವರಿಗೆ ಯಾವ ಊರಿನಲ್ಲೂ ಕೆಲಸ ಇದೆ.

ಪ್ರೂಫ್ ಅಂದರೆ ಅಚ್ಚಿಗೆ ಮುಂಚೆ ತಪ್ಪು ನೋಡಲು ತೆಗೆದ ಪುಟಗಳ ಪ್ರತಿ. ಮೊದಲ ಪ್ರೂಫನ್ನು ಇಬ್ಬರು ಕೂತು ನೋಡಬೇಕು. ಒಬ್ಬರು ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾರೆ. ಇನ್ನೊಬ್ಬರು ಪ್ರೂಫ್ ಮೇಲೆ ಕಣ್ಣಿಟ್ಟು ಗುರುತು ಹಾಕುತ್ತಾರೆ. ಒಬ್ಬರೇ ಎರಡನ್ನೂ ನೋಡಲು ಹೋದರೆ ಸಾಲು ಬಿಟ್ಟುಹೋದದ್ದು ಗೊತ್ತೇ ಆಗುವುದಿಲ್ಲ. ಏಕೆಂದರೆ ಉಳಿದ ಸಾಲುಗಳೂ ಅರ್ಥ ಕೊಡುತ್ತಿರುತ್ತವೆ. ಎರಡನೆಯ ಪ್ರೂಫಿನಲ್ಲಿ ಹಿಂದೆ ಹಾಕಿದ ಗುರುತುಗಳೆಲ್ಲ ತಿದ್ದಲ್ಪಟ್ಟಿವೆಯೇ ಅನ್ನುವುದನ್ನು ಮೊದಲು ನೋಡಿ, ಆಮೇಲೆ ಹೊಸದಾಗಿ ಓದಿ. ಒಂದು ತಪ್ಪು ತಿದ್ದುವಾಗ ಅದೇ ಸಾಲಿನಲ್ಲಿ ಇನ್ನೊಂದು ತಪ್ಪು ಹುಟ್ಟುವುದು ತೀರಾ ಸಾಮಾನ್ಯ. ಹಾಗಾಗಿ ತಿದ್ದಿದ ಪದವನ್ನಷ್ಟೇ ನೋಡಬೇಡಿ, ಇಡೀ ಸಾಲು ಓದಿ.

ಗುರುತನ್ನು ಪದದ ಮೇಲೆ ಹಾಕಿದರೆ ಸಾಲದು, ಅಂಚಿನಲ್ಲೂ ಬರೆಯಬೇಕು. ಡಿಟಿಪಿ ಅಣ್ಣನವರು ಅಂಚು ನೋಡುತ್ತಾ ಹೋಗುತ್ತಾರೆ. ಪುಟದ ನಡುವೆ ಅಡಗಿರುವ ಚುಕ್ಕಿ ಅವರ ಕಣ್ಣಿಗೆ ಬೀಳುವುದಿಲ್ಲ. ಟೈಪಿಂಗ್ ತಪ್ಪಿಗೆ ಕೆಂಪು, ಲೇಖಕರು ಹೊಸದಾಗಿ ಬದಲಿಸಿದ್ದಕ್ಕೆ ನೀಲಿ, ಹೀಗೆ ಎರಡು ಬಣ್ಣ ಇಟ್ಟುಕೊಳ್ಳಿ. ಯಾರ ತಿದ್ದುಪಡಿ ಎಷ್ಟು ಅಂತ ಆಮೇಲೆ ಲೆಕ್ಕ ಬಂದಾಗ ಜಗಳ ತಪ್ಪುತ್ತದೆ.

ನಮ್ಮ ಕಡೆಯ ಹಸ್ತಪ್ರತಿಗಳಲ್ಲಿ ಕೆಲವು ತಪ್ಪುಗಳು ಮತ್ತೆ ಮತ್ತೆ ಬರುತ್ತವೆ. ಅಕಾರ ಹಕಾರದ ಗೊಂದಲ, ಅಲ್ಪಪ್ರಾಣ ಮಹಾಪ್ರಾಣ, ಶ ಷ ಸ. ಇವು ಕಣ್ಣಿಗೆ ಬೇಗ ಬೀಳುತ್ತವೆ. ಕಣ್ಣಿಗೆ ಬೀಳದ ತಪ್ಪುಗಳು ಕಂಪ್ಯೂಟರಿನಲ್ಲಿ ಹುಟ್ಟುತ್ತವೆ. ಅನುಸ್ವಾರದ ಸೊನ್ನೆಯ ಬದಲು ಅಂಕಿಯ ಸೊನ್ನೆ ಒತ್ತಿದರೆ ಪುಟದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಆ ಪದವನ್ನು ಹುಡುಕಿದರೆ ಸಿಗುವುದಿಲ್ಲ, ಮುಂದೆ ಇಬುಕ್ ಮಾಡುವಾಗ ಪದ ಒಡೆದುಹೋಗುತ್ತದೆ. ಹಳೆಯ ನುಡಿ, ಶ್ರೀಲಿಪಿ ತಂತ್ರಾಂಶಗಳ ಕಡತಗಳನ್ನು ಎಲ್ಲ ಕಂಪ್ಯೂಟರಿನಲ್ಲೂ ನಡೆಯುವ ಯುನಿಕೋಡ್‌ಗೆ ಬದಲಿಸಿದಾಗ ನಡುನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕೂರುತ್ತವೆ. ಅರ್ಕಾವೊತ್ತು ಜಾಗ ಬಿಟ್ಟು ಓಡುತ್ತದೆ. ‘ರಾಜ್‌ಕುಮಾರ್’ ಅನ್ನುವುದು ‘ರಾಜ್ಕುಮಾರ್’ ಆಗಿಬಿಡುತ್ತದೆ. ಬದಲಿಸಿದ ಕಡತವನ್ನು ಇನ್ನೊಮ್ಮೆ ಪೂರ್ತಿ ಓದದೆ ಮುಂದೆ ಕಳಿಸಲೇಬೇಡಿ.

ಇನ್ನು ಭಾಷೆಯ ಮಾತು. ಇಲ್ಲಿ ನಾನು ಬಹಳ ಗಟ್ಟಿ. ನಮ್ಮ ಭಾಗದ ಕಥೆಗಾರರು ಸಂಭಾಷಣೆಯಲ್ಲಿ ‘ಹೊಂಟಾನ’, ‘ಬರಾಕತ್ತಾಳ’ ಅಂತ ಬರೆದಿರುತ್ತಾರೆ. ಅದನ್ನು ‘ಹೊರಟಿದ್ದಾನೆ’, ‘ಬರುತ್ತಿದ್ದಾಳೆ’ ಅಂತ ತಿದ್ದುವ ಹಕ್ಕು ನಿಮಗಿಲ್ಲ. ಪಠ್ಯಪುಸ್ತಕದ ಕನ್ನಡ ಓದಿ ಬಂದವರಿಗೆ ಕೈ ತುರಿಸುತ್ತದೆ, ಅಲ್ವಾ? ತಡೆದುಕೊಳ್ಳಿ. ನೀವು ನೋಡಬೇಕಾದದ್ದು ಒಂದೇ ಪಾತ್ರ ಒಂದು ಕಡೆ ‘ಹೊಂಟಾನ’, ಇನ್ನೊಂದು ಕಡೆ ‘ಹೊಂಟಾನು’ ಅಂದಿದೆಯೇ ಅನ್ನುವುದನ್ನು. ಹಾಗಿದ್ದರೆ ಲೇಖಕರನ್ನು ಕೇಳಿ. ಬೇಕೆಂದೇ ಹಾಗೆ ಬರೆದಿರಲೂಬಹುದು.

ಇದಕ್ಕಾಗಿ ಒಂದು ಪದಪಟ್ಟಿ ಮಾಡಿಕೊಳ್ಳಿ. ಒಂದೇ ಪದಕ್ಕೆ ಎರಡು ರೂಪ ಸಿಕ್ಕಾಗೆಲ್ಲ ಬರೆದಿಟ್ಟು, ಯಾವುದು ಉಳಿಯಬೇಕು ಅಂತ ತೀರ್ಮಾನಿಸಿ, ಪುಟಸಂಖ್ಯೆ ಹಾಕಿ. ಊರಿನ ಹೆಸರುಗಳಲ್ಲಿ ಇದು ತುಂಬಾ ಬೇಕಾಗುತ್ತದೆ. ಬಿಜಾಪುರ ಅಧಿಕೃತವಾಗಿ ವಿಜಯಪುರ ಆದದ್ದು 2014ರ ನವೆಂಬರ್ 1ರಂದು. ಇವತ್ತಿನ ಜಿಲ್ಲೆಯ ಬಗ್ಗೆ ಬರೆದ ಲೇಖನದಲ್ಲಿ ವಿಜಯಪುರ ಸರಿ. ಆದರೆ 1960ರ ದಶಕದ ಆತ್ಮಕಥೆಯಲ್ಲಿ ಒಬ್ಬರು ‘ಬಿಜಾಪುರ ಗಾಡಿ ಹತ್ತಿದೆ’ ಅಂತ ಬರೆದಿದ್ದರೆ ಅದನ್ನು ಬದಲಿಸಬಾರದು. ಒಮ್ಮೆಗೇ ಎಲ್ಲ ಕಡೆ ಬದಲಿಸುವ ಗುಂಡಿ ಒತ್ತಿದರೆ ಹಳೆಯ ಪತ್ರಿಕೆಯ ಹೆಸರು, ಪುಸ್ತಕದ ಹೆಸರು, ಯಾರದೋ ಅಡ್ಡಹೆಸರು ಎಲ್ಲ ಬದಲಾಗುತ್ತವೆ. ಅಡ್ಡಹೆಸರುಗಳನ್ನಂತೂ ಆ ಮನೆಯವರು ಹೇಗೆ ಬರೆಯುತ್ತಾರೋ ಹಾಗೇ ಬರೆಯಬೇಕು. ಅಭಿನಂದನ ಗ್ರಂಥಗಳಲ್ಲಿ ಇದರ ಮೇಲೆಯೇ ದೊಡ್ಡ ದೊಡ್ಡ ಮುನಿಸು ಆಗುತ್ತವೆ.

ಲೇಖಕರಿಗೆ ಫೋನ್ ಮಾಡುವ ಮುಂಚೆ ಪ್ರಶ್ನೆಗಳನ್ನು ಒಟ್ಟು ಮಾಡಿಕೊಳ್ಳಿ. ತಾಸಿಗೊಮ್ಮೆ ಫೋನ್ ಬಂದರೆ ಎಂಥವರಿಗೂ ಸಿಟ್ಟು ಬರುತ್ತದೆ. “ಸರ್, 46ನೇ ಪುಟದಾಗ ಅಜ್ಜ ತೀರಿಕೊಂಡಾರ, 71ರಾಗ ಮತ್ತ ಜಾತ್ರಿಗೆ ಹೋಗ್ಯಾರ. ಹೆಂಗ ಮಾಡೋಣ್ರಿ?” ಅಂತ ಕೇಳಿದಾಗ ಅವರಿಗೇ ಖುಷಿಯಾಗುತ್ತದೆ. ತಮ್ಮ ಪುಸ್ತಕವನ್ನು ಯಾರೋ ಇಷ್ಟು ಗಮನವಿಟ್ಟು ಓದಿದ್ದಾರೆ ಅಂತ.

5. ಫಾರಂ ಲೆಕ್ಕ ಮತ್ತು ಪ್ರೆಸ್ಸು

ಕನ್ನಡದ ಹೆಚ್ಚಿನ ಸಾಹಿತ್ಯ ಪುಸ್ತಕಗಳು ಡೆಮಿ 1/8 ಅಳತೆಯಲ್ಲಿ ಬರುತ್ತವೆ. ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಒಂದು ಡೆಮಿ ಹಾಳೆಯ ಎರಡೂ ಬದಿ ಸೇರಿ 16 ಪುಟ. ಇದೇ ಒಂದು ಫಾರಂ. 192 ಪುಟದ ಪುಸ್ತಕ ಅಂದರೆ 12 ಫಾರಂ. ಸಾವಿರ ಪ್ರತಿಗೆ 12,000 ಹಾಳೆ, ಅಂದರೆ 500 ಹಾಳೆಯ ರೀಮ್ ಲೆಕ್ಕದಲ್ಲಿ 24 ರೀಮ್. ಹಾಳಾಗುವುದಕ್ಕೆ ಅಂತ ಇನ್ನಷ್ಟು ಸೇರಿಸುತ್ತಾರೆ.

ಈ ಲೆಕ್ಕ ಗೊತ್ತಾದರೆ ಸಂಪಾದಕರು ಯಾಕೆ ಕೊನೆ ಗಳಿಗೆಯಲ್ಲಿ ನಾಲ್ಕು ಪುಟ ಕಡಿಮೆ ಮಾಡಲು ಒದ್ದಾಡುತ್ತಾರೆ ಅನ್ನುವುದು ಅರ್ಥವಾಗುತ್ತದೆ. 196 ಪುಟ ಆದರೆ ಆ ನಾಲ್ಕು ಪುಟಕ್ಕೆ ಬೇರೆ ಪ್ಲೇಟು (ಅಚ್ಚಿನ ತಗಡು), ಬೇರೆ ಅಚ್ಚು. ಮುನ್ನುಡಿ, ಪರಿವಿಡಿ, ಅರ್ಪಣೆ ಎಲ್ಲ ಸೇರಿಸಿಯೇ ಪುಟ ಎಣಿಸಬೇಕು. ನೀವು ಹಿಡಿದ ಪುಸ್ತಕದ ಫಾರಂ ಲೆಕ್ಕವನ್ನು ನೀವೇ ಮಾಡಿ ತೋರಿಸಿ.

ಪ್ರೆಸ್ಸಿಗೆ ಹೋದಾಗ ಕಾಗದ ಮುಟ್ಟಿ ನೋಡಿ. 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೊ ಕಾಗದಕ್ಕೂ 80ಕ್ಕೂ ಇರುವ ವ್ಯತ್ಯಾಸ ಬೆರಳಿಗೆ ಗೊತ್ತಾಗಬೇಕು. ಮುಖಪುಟದ ಬೆನ್ನಿನ ದಪ್ಪವನ್ನು ಅಂದಾಜಿನ ಮೇಲೆ ಬಿಡಬೇಡಿ. ಅದೇ ಕಾಗದದಲ್ಲಿ ಅಷ್ಟೇ ಪುಟದ ಖಾಲಿ ಡಮ್ಮಿ ಮಾಡಿಸಿ ಅಳೆಯಿರಿ. ಇಲ್ಲದಿದ್ದರೆ ಬೆನ್ನಿನ ಮೇಲಿನ ಹೆಸರು ಮುಖಪುಟಕ್ಕೆ ಜಾರುತ್ತದೆ.

ಫೋಟೊಗಳ ಬಗ್ಗೆ ಒಂದು ಮಾತು. ಸ್ಮರಣ ಸಂಚಿಕೆ, ಅಭಿನಂದನ ಗ್ರಂಥಗಳಿಗೆ ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲೇ ಬರುತ್ತವೆ. ಫೋನಿನಲ್ಲಿ ಚೆಂದ ಕಾಣುವುದು ಅಚ್ಚಿನಲ್ಲಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಹಳೆಯ ಫೋಟೊ ಆದರೆ ಮೂಲವನ್ನೇ ತರಿಸಿ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಪ್ರೆಸ್ಸಿಗೆ ಕಡತ ಕಳಿಸುವಾಗ ಫಾಂಟ್ ಸೇರಿಸಿದ ಪಿಡಿಎಫ್ ಕಳಿಸಿ. ಕಳಿಸಿದ ಆ ಪಿಡಿಎಫನ್ನೇ ಒಮ್ಮೆ ತೆರೆದು ಪುಟ ಪುಟ ನೋಡಿ.

6. ಹಕ್ಕು, ಐಎಸ್‌ಬಿಎನ್, ಕಾಗದಪತ್ರ

ಇದನ್ನು ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡುವುದಿಲ್ಲ, ನೀವಾಗಿಯೇ ಕೇಳಿ ಕಲಿಯಿರಿ. ನಮ್ಮಲ್ಲಿ ಲೇಖಕ ಪ್ರಕಾಶಕರ ವ್ಯವಹಾರ ಬಾಯಿಮಾತಿನ ಮೇಲೇ ನಡೆಯುವುದು ಜಾಸ್ತಿ. ಪ್ರೀತಿ ಇರುವ ತನಕ ಚೆನ್ನಾಗಿರುತ್ತದೆ. ಮಕ್ಕಳ ಕಾಲಕ್ಕೆ ಮರುಮುದ್ರಣದ ಪ್ರಶ್ನೆ ಬಂದಾಗ ಯಾರ ಬಳಿಯೂ ಒಂದು ಚೀಟಿ ಇರುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತಲೇ ಲೆಕ್ಕ.

ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ತೀರಿಕೊಂಡ ಮರುವರ್ಷದ ಆರಂಭದಿಂದ ಎಣಿಸಬೇಕು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ, ಹಾಗಾಗಿ ಅವರ ಬರಹಗಳ ಹಕ್ಕಿನ ಅವಧಿ 2024ರ ಕೊನೆಗೆ ಮುಗಿಯಿತು. ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ತೀರಿಕೊಂಡದ್ದು 1989ರಲ್ಲಿ. ಅವರ ಕಾದಂಬರಿಗಳಿಗೆ 2049ರ ಕೊನೆಯವರೆಗೂ ಅನುಮತಿ ಬೇಕು. 12ನೇ ಶತಮಾನದ ವಚನ ಎಲ್ಲರದೂ ಹೌದು. ಆದರೆ ಈಗಿನ ವಿದ್ವಾಂಸರೊಬ್ಬರು ಬರೆದ ಟಿಪ್ಪಣಿ, ಅರ್ಥವಿವರಣೆ ಅವರದ್ದೇ. ಮುಖಪುಟಕ್ಕೂ ಇದೇ ಮಾತು. ಗೋಳಗುಮ್ಮಟ ಹಳೆಯದು, ಆದರೆ ಅದರ ಫೋಟೊ ತೆಗೆದವರು ನಮ್ಮ ಕಾಲದವರು. ಗೂಗಲ್‌ನಲ್ಲಿ ಸಿಕ್ಕಿತು ಅಂತ ಹಾಕಿಬಿಡುವಂತಿಲ್ಲ. ಊರಿನಲ್ಲೇ ಒಬ್ಬ ಫೋಟೊಗ್ರಾಫರ್‌ನನ್ನು ಕೇಳಿ, ಹೆಸರು ಹಾಕಿ, ಏನಾದರೂ ಕೊಡಿಸಿ.

ಪ್ರತಿ ಪುಸ್ತಕವನ್ನೂ ಬೇರೆಯಾಗಿ ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ಭಾರತದಲ್ಲಿ ಕೊಡುವುದು ಶಿಕ್ಷಣ ಸಚಿವಾಲಯದ ಅಡಿ ಇರುವ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ. ಇದಕ್ಕೆ ಶುಲ್ಕ ಇಲ್ಲ, ಅರ್ಜಿ ಆನ್‌ಲೈನ್. ಮಾಡಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರನ್ನು ನಂಬಬೇಡಿ. 13 ಅಂಕಿಯನ್ನು ಅಚ್ಚಿಗೆ ಮುಂಚೆ ಪರೀಕ್ಷಿಸಲು ಸುಲಭದ ದಾರಿ ಇದೆ. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮತ್ತೆ 1, ಮತ್ತೆ 3, ಹೀಗೆ ಕೊನೆತನಕ ಗುಣಿಸಿ ಕೂಡಿಸಿ. ಮೊತ್ತ 10ರಿಂದ ಸರಿಯಾಗಿ ಭಾಗವಾಗಬೇಕು. ಆಗದಿದ್ದರೆ ಎಲ್ಲೋ ಅಂಕಿ ತಪ್ಪಿದೆ.

ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು ಅಂತ 1954ರ ಕಾಯ್ದೆ ಹೇಳುತ್ತದೆ. ಸಣ್ಣ ಪ್ರಕಾಶನಗಳಲ್ಲಿ ಇದು ಮರೆತುಹೋಗುತ್ತದೆ. ಈ ಕೆಲಸವನ್ನು ನೀವು ಕೇಳಿ ವಹಿಸಿಕೊಳ್ಳಿ. ಬೆಳಗಾವಿಯಲ್ಲಿ ಬಂದ ಒಂದು ಕವನ ಸಂಕಲನ ನೂರು ವರ್ಷದ ನಂತರವೂ ಎಲ್ಲಾದರೂ ಸಿಗಬೇಕಾದರೆ ಇದೇ ದಾರಿ.

7. ಬೇಸರದ ದಿನಗಳು

ಬಂದೇ ಬರುತ್ತವೆ. ವಿಜಯಪುರ, ಬಾಗಲಕೋಟೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಕರೆಂಟು ಹೋದರೆ ಫ್ಯಾನೂ ಇಲ್ಲ, ಕಂಪ್ಯೂಟರೂ ಇಲ್ಲ. ಅಂಥ ಹೊತ್ತಿಗೆ ಕಾಗದದ ಮೇಲಿನ ಪ್ರೂಫ್ ಇಟ್ಟುಕೊಂಡಿರಿ. ಕಣ್ಣಿನ ಕೆಲಸವನ್ನು ಬೆಳಿಗ್ಗೆ ಮುಗಿಸಿ, ಮಧ್ಯಾಹ್ನ ಪಟ್ಟಿ ಮಾಡುವುದು, ಕಟ್ಟು ಕಟ್ಟುವುದು ಇಟ್ಟುಕೊಳ್ಳಿ. ಊಟದ ನಂತರ ನೋಡಿದ ಪ್ರೂಫನ್ನು ಮರುದಿನ ಮತ್ತೆ ನೋಡಬೇಕಾಗುತ್ತದೆ.

ಪ್ರೆಸ್ಸಿನವರು “ನಾಳೆ ಕೊಡ್ತೀವ್ರಿ” ಅಂದದ್ದು ಎರಡು ವಾರ ಆಗಬಹುದು. ಹೊಸಬರಿಗೆ ತಮ್ಮಿಂದಲೇ ತಡ ಆಯಿತು ಅಂತ ಅನಿಸುತ್ತದೆ. ಹಾಗಲ್ಲ. ಕಾಗದ ಕೊಲ್ಹಾಪುರದಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕಿರುತ್ತದೆ, ಯಾರದೋ ಮದುವೆಯ ಕಾರ್ಡು ಮುಂದೆ ನುಗ್ಗಿರುತ್ತದೆ. ಆ ಸಮಯದಲ್ಲಿ ಪ್ರಕಾಶನದ ಹಳೆಯ ಪುಸ್ತಕಗಳ ಪಟ್ಟಿ ಮಾಡಿಕೊಡಿ. ಹೆಸರು, ವರ್ಷ, ಪುಟ, ಬೆಲೆ, ಉಳಿದ ಪ್ರತಿ. ಸರಿಯಾದ ಪಟ್ಟಿ ಇರುವ ಪ್ರಕಾಶನ ನಮ್ಮ ಕಡೆ ಅಪರೂಪ. ಇದೊಂದರಿಂದ ನಿಮ್ಮ ಹೆಸರು ಅಲ್ಲಿ ಉಳಿಯುತ್ತದೆ.

ಚಹಾ ತರುವುದು, ಕಸ ಗುಡಿಸುವುದರ ಬಗ್ಗೆಯೂ ಹೇಳಬೇಕು. ಮೂರು ಜನರ ಆಫೀಸಿನಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡುತ್ತಾರೆ, ನೀವೂ ಮಾಡಿ. ಆದರೆ ಹುಡುಗಿಯರಿಗೆ ಮಾತ್ರ ಚಹಾ, ಹುಡುಗರಿಗೆ ಪ್ರೆಸ್ಸು ಅಂತ ಆದರೆ ಅದನ್ನು ಒಪ್ಪಬೇಡಿ. “ನಾನೂ ಪ್ರೆಸ್ಸಿಗೆ ಬರತೀನ್ರಿ” ಅಂತ ನೇರವಾಗಿ ಹೇಳಿ. ವಾರಗಟ್ಟಲೆ ಬರೀ ಓಡಾಟದ ಕೆಲಸವೇ ಆದರೆ ಮೊದಲ ದಿನದ ಹಾಳೆಯನ್ನು ತೆಗೆದು ನೆನಪಿಸಿ. ಆಗಲೂ ಬದಲಾಗದಿದ್ದರೆ ಕಾಲೇಜಿನ ಮೇಷ್ಟ್ರಿಗೆ ತಿಳಿಸಿ ಬಿಟ್ಟುಬಿಡಿ. ತಡಹೊತ್ತಿನಲ್ಲಿ ಒಬ್ಬರನ್ನೇ ಕೂರಿಸಿಕೊಳ್ಳುವುದು, ಬೇಡದ ಮಾತಾಡುವುದು ಇದ್ದರಂತೂ ಅವತ್ತೇ ಮನೆಯಲ್ಲಿ, ಕಾಲೇಜಿನಲ್ಲಿ ಹೇಳಿ. ಯಾವ ಪ್ರಮಾಣಪತ್ರಕ್ಕೂ ಅದನ್ನು ಸಹಿಸುವ ಅಗತ್ಯ ಇಲ್ಲ.

8. ಬಿಡುಗಡೆ ಮತ್ತು ಮಾರಾಟ

ಬಿಡುಗಡೆ ಸಮಾರಂಭದ ದಿನ ಎಲ್ಲರೂ ಫೋಟೊಗೆ ನಿಲ್ಲುತ್ತಾರೆ. ನೀವು ಮಾರಾಟದ ಟೇಬಲ್ಲಿನ ಹಿಂದೆ ಕೂರಿ. ಯಾರು ಪುಸ್ತಕ ಎತ್ತಿಕೊಂಡು ಯಾವ ಪುಟ ತೆರೆಯುತ್ತಾರೆ, ಬೆಲೆ ನೋಡಿ ಯಾರು ಇಡುತ್ತಾರೆ ಅನ್ನುವುದು ಅಲ್ಲಿ ಕಾಣುತ್ತದೆ. ಚಿಲ್ಲರೆ ಮತ್ತು ಕ್ಯೂಆರ್ ಕೋಡ್ ಎರಡೂ ಇರಲಿ. ರಶೀದಿ ಕೊಡಿ.

ಪ್ರಕಾಶನದ ಹಣಕಾಸು ಹೇಗೆ ನಡೆಯುತ್ತದೆ ಅಂತ ಈ ಹೊತ್ತಿಗೆ ಕೇಳಿದರೆ ಮನಸ್ಸು ಬಿಚ್ಚಿ ಹೇಳುತ್ತಾರೆ. ಅಂಗಡಿಗೆ ಕೊಡುವ ರಿಯಾಯಿತಿ, ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ, ಅದರ ಹಣಕ್ಕೆ ಕಾಯುವುದು, ಲೇಖಕರೇ ಖರ್ಚು ಹಾಕಿ ಪ್ರತಿಗಳನ್ನು ಒಯ್ಯುವುದು, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಸಹಾಯಧನ. ಇಷ್ಟು ತಿಳಿದರೆ ಈ ಕ್ಷೇತ್ರಕ್ಕೆ ಮುಂದೆ ಬರಬೇಕೋ ಬೇಡವೋ ಅಂತ ಕಣ್ಣು ತೆರೆದು ತೀರ್ಮಾನಿಸಬಹುದು. ಅಂಚೆಯಲ್ಲಿ ಪುಸ್ತಕ ಕಳಿಸುವುದನ್ನೂ ಕಲಿಯಿರಿ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗಾಗಿ ಜ್ಞಾನ್ ಪೋಸ್ಟ್ ಶುರುಮಾಡಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಮೇಲೆ ತೆರಿಗೆ ಅನ್ನುವ ದರದಿಂದ ಅದು ಆರಂಭವಾಯಿತು. ಈಗಿನ ದರ ಕೌಂಟರಿನಲ್ಲಿ ಕೇಳಿ.

9. ಹೊರಡುವ ಮುಂಚೆ

ನೀವು ಹಿಡಿದ ಪುಸ್ತಕದ ಎರಡು ಪ್ರತಿ ಕೇಳಿ ಪಡೆಯಿರಿ, ಒಂದು ನಿಮಗೆ, ಒಂದು ಕಾಲೇಜಿನ ಗ್ರಂಥಾಲಯಕ್ಕೆ. ನೀವು ಗುರುತು ಹಾಕಿದ ಪ್ರೂಫಿನ ಕೆಲವು ಪುಟಗಳನ್ನು, ಲೇಖಕರ ಮತ್ತು ಪ್ರಕಾಶಕರ ಒಪ್ಪಿಗೆ ಪಡೆದು, ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಮುಂದಿನ ಕಡೆ ಕೆಲಸ ಕೇಳುವಾಗ ಇದೇ ನಿಮ್ಮ ಮಾದರಿ. ಪ್ರಮಾಣಪತ್ರದಲ್ಲಿ ‘ತೃಪ್ತಿಕರವಾಗಿ ಮುಗಿಸಿದ್ದಾರೆ’ ಅನ್ನುವ ಒಂದು ಸಾಲಿಗೆ ಒಪ್ಪಬೇಡಿ. ಯಾವ ಪುಸ್ತಕ, ಎಷ್ಟು ಪುಟದ ಪ್ರೂಫ್, ಯಾವ ಯಾವ ಹಂತ ಅಂತ ಬರೆಸಿಕೊಳ್ಳಿ. ಬೇಕಿದ್ದರೆ ಕರಡನ್ನು ನೀವೇ ಬರೆದುಕೊಡಿ, ಅವರಿಗೂ ಸಲೀಸು.

ನಿಮ್ಮ ಪದಪಟ್ಟಿಯ ಒಂದು ಪ್ರತಿಯನ್ನು ಅಲ್ಲೇ ಬಿಟ್ಟುಹೋಗಿ. ಮುಂದಿನ ಬೇಸಿಗೆಗೆ ಬರುವವರಿಗೆ ಅದರಿಂದ ಕೆಲಸ ಶುರುವಾಗುತ್ತದೆ.